ಗುಡ್ಡ ಹತ್ತುವ ಜೀಪಿನವರಿಗೆ, ರೇಡಿಯೇಟರ್ ಬೆಂಚಿನಿಂದ

ಕೊಡಚಾದ್ರಿ, ಕ್ಯಾತನಮಕ್ಕಿ, ಮಾಂದಲಪಟ್ಟಿ ಮತ್ತು ಅಂಥ ಇತರ ಗುಡ್ಡಗಳಿಗೆ ಬಾಡಿಗೆ ಜೀಪು ಓಡಿಸುವ ಮಾಲೀಕರಿಗೆ, ಚಾಲಕ ಮಿತ್ರರಿಗೆ,



ಮಳೆಗಾಲ ಮುಗಿದು ಜನ ಗುಡ್ಡದ ಕಡೆ ಮುಖ ಮಾಡಿದರೆ ಸಾಕು, ನನ್ನ ಬೆಂಚಿನ ಪಕ್ಕದ ಗೋಡೆಗೆ ರೇಡಿಯೇಟರ್‌ಗಳು ಒರಗಿ ನಿಲ್ಲುತ್ತವೆ. ತಂದವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ಇದನ್ನ ಬಿಸಾಕಿ ನಾಲ್ಕು ರೋದು ಹಾಕಿಬಿಡ್ಲಾ? ಇಲ್ಲಾ ಅಲ್ಯೂಮಿನಿಯಂದೇ ತಂದುಬಿಡ್ಲಾ?” ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ನಿಮಗೋ ಬಾಡಿಗೆ ತಪ್ಪೀತೆಂಬ ಅವಸರ, ನನಗೋ ಕೈಯಲ್ಲಿ ಬೆಸುಗೆ ಕೋಲು ಕಾದಿರುತ್ತದೆ. ಆದ್ದರಿಂದ ಎಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಾಮ್ರ ಹಿತ್ತಾಳೆಯ ರೇಡಿಯೇಟರ್ ಊರಲ್ಲಿ ಉಳಿದಷ್ಟು ದಿನ ನನ್ನ ಅಂಗಡಿ ಉಳಿಯುತ್ತದೆ. ಎಲ್ಲರೂ ಅಲ್ಯೂಮಿನಿಯಂಗೆ ಹೋದರೆ ನನ್ನ ತವರ, ಸೀಸ, ಗ್ಯಾಸ್ ಟಾರ್ಚು ಮೂಲೆ ಸೇರುತ್ತವೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಾರ್ಥ ಇದೆಯೋ ಇಲ್ಲವೋ ಎಂದು ನೋಡಿಕೊಂಡೇ ಓದಿ.

ಗಾಡಿ ಹೀಟ್ ಆಯಿತು ಎಂದ ಕೂಡಲೇ ರೇಡಿಯೇಟರ್ ಬಿಚ್ಚುವ ಅಭ್ಯಾಸ ಬಿಡಿ. ಬಾನೆಟ್ ಎತ್ತಿದರೆ ಎದುರಿಗೆ ಕಾಣುವುದು ಅದೇ, ಆವಿ ಬರುವುದೂ ಅದರ ಬಾಯಿಂದಲೇ, ಹಾಗಾಗಿ ಅಪವಾದವೂ ಅದರ ತಲೆಗೇ. ನಿಜವಾದ ತಪ್ಪು ಎಲ್ಲಿದೆ ಎಂದು ಬಿಸಿಯಾಗುವ ಹೊತ್ತೇ ಅರ್ಧ ಹೇಳುತ್ತದೆ. ಟಾರು ರಸ್ತೆಯಲ್ಲಿ 50, 60ರಲ್ಲಿ ಹೋಗುವಾಗ ಮುಳ್ಳು ಜಾಗದಲ್ಲೇ ನಿಂತಿದ್ದು, ಏರಿನಲ್ಲಿ ಫಸ್ಟ್ ಗೇರಿಗೆ ಬಂದಾಗ ಮಾತ್ರ ಮೇಲೆದ್ದರೆ ತೊಂದರೆ ಬಹುಪಾಲು ಗಾಳಿಯದು: ಬೆಲ್ಟ್ ಸಡಿಲ, ಫ್ಯಾನ್ ಶ್ರೌಡ್ ಇಲ್ಲ, ಫಿನ್‌ಗಳ ನಡುವೆ ಕೆಸರು. ಗುಡ್ಡದಲ್ಲಿ ಹೇಗೋ ಸುಧಾರಿಸಿಕೊಂಡು, ರಸ್ತೆಯಲ್ಲಿ ವೇಗ ಹೆಚ್ಚಿಸಿದ ಹಾಗೆ ಬಿಸಿಯಾಗುತ್ತ ಹೋದರೆ ನೀರಿನ ಓಟ ಸಾಲುತ್ತಿಲ್ಲ: ಕೋರ್ ಕಟ್ಟಿರಬಹುದು, ವಾಟರ್ ಬಾಡಿಯ, ಅಂದರೆ ನೀರಿನ ಪಂಪಿನ, ಇಂಪೆಲ್ಲರ್ ಸವೆದಿರಬಹುದು, ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಇನ್ನು ಬೆಳಿಗ್ಗೆ ತಣ್ಣಗಿನ ಎಂಜಿನ್‌ನಲ್ಲಿ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮೊದಲೇ ಬಾಯಲ್ಲಿ ಗುಳ್ಳೆ ಬಿಡದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಆ ಗಾಡಿಗೆ ನೀವು ಹತ್ತು ಹೊಸ ರೇಡಿಯೇಟರ್ ಹಾಕಿದರೂ ದುಡ್ಡು ಹೊಳೆಗೆ ಹಾಕಿದಂತೆಯೇ.

ಥರ್ಮೋಸ್ಟಾಟ್ ವಾಲ್ವಿನ ವಿಷಯದಲ್ಲಿ ನಮ್ಮ ಕಡೆಯ ಗ್ಯಾರೇಜುಗಳ ಮೇಲೆ ನನಗೆ ಸಿಟ್ಟಿದೆ. ಹೀಟ್ ಎಂದ ತಕ್ಷಣ ಅದನ್ನು ಕಿತ್ತು ಎಸೆಯುತ್ತಾರೆ. ಬೈಪಾಸ್ ದಾರಿ ಇರುವ ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಪೂರ್ತಿ ತೆರೆದಾಗಲೇ ಆ ಬೈಪಾಸ್ ಮುಚ್ಚಿಕೊಳ್ಳುವುದು. ವಾಲ್ವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಬಾರದೆ ಎಂಜಿನ್ ಒಳಗೇ ಸುತ್ತುತ್ತದೆ. ತಂಪಾಗಲಿ ಎಂದು ಮಾಡಿದ್ದು ಬಿಸಿ ಹೆಚ್ಚಿಸುತ್ತದೆ. ವಾಲ್ವ್ ಸರಿ ಇದೆಯೋ ಇಲ್ಲವೋ ತಿಳಿಯಲು ಮೆಕ್ಯಾನಿಕ್ಕೇ ಬೇಕಾಗಿಲ್ಲ. ಅದನ್ನು ದಾರದಲ್ಲಿ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಲ್ಲಿ ಇಳಿಬಿಟ್ಟು ಕುದಿಸಿ. ಮೇಲೆ 82 ಎಂದು ಒತ್ತಿರುವ ವಾಲ್ವ್, ನೀರು ಕುದಿಯುವ ಮೊದಲೇ ಬಾಯಿ ಬಿಡಬೇಕು, ತಣ್ಣಗಾದರೆ ಮುಚ್ಚಬೇಕು.

ಇಷ್ಟೆಲ್ಲ ನೋಡಿದ ಮೇಲೂ ಸಂಶಯ ರೇಡಿಯೇಟರ್ ಮೇಲೇ ಬಂದರೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಕೋರ್ ಮೇಲೆ ಹುಷಾರಾಗಿ ಕೈಯಾಡಿಸಿ. ಮೇಲಿಂದ ಕೆಳಕ್ಕೆ ಬಿಸಿ ಹದವಾಗಿ ಇಳಿಯುತ್ತ ಬರಬೇಕು. ನಡುವೆ ಎಲ್ಲಾದರೂ ಅಂಗೈಯಗಲ ತಣ್ಣಗಿದ್ದರೆ ಆ ಭಾಗದ ಟ್ಯೂಬುಗಳಲ್ಲಿ ನೀರು ಓಡುತ್ತಿಲ್ಲ.

ಅಂಥದ್ದೊಂದರ ಮೇಲಿನ ಟ್ಯಾಂಕ್ ಬಿಚ್ಚಿದಾಗ ಏನು ಕಾಣುತ್ತದೆ ಎಂದು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಟಾರ್ಚಿನ ಬಿಸಿಗೆ ಬೆಸುಗೆ ಕರಗಿ ಟ್ಯಾಂಕ್ ಮೇಲೆದ್ದರೆ ಕೆಳಗೆ ಹಿತ್ತಾಳೆಯ ತಟ್ಟೆ, ಅದರಲ್ಲಿ ಸಾಲುಸಾಲಾಗಿ ಚಪ್ಪಟೆ ಟ್ಯೂಬುಗಳ ಬಾಯಿ. ಆರೋಗ್ಯವಾಗಿದ್ದರೆ ಪ್ರತಿ ಬಾಯಿಯಲ್ಲೂ ಕೆಳಗಿನ ಬೆಳಕು ಕಾಣಬೇಕು. ಗುಡ್ಡದ ಗಾಡಿಗಳಲ್ಲಿ ನಾನು ನೋಡುವುದೇ ಬೇರೆ. ಬಾಯಿಯ ಸುತ್ತ ಬೆಸುಗೆ ಕೊಳೆತು ಹುಟ್ಟಿದ ಬಿಳಿ ಪುಡಿ, ಒಳಗೆ ಎಂಜಿನ್ ಬ್ಲಾಕಿನ ತುಕ್ಕು ಕೆಂಪು ಕೆಸರಾಗಿ ಕೂತಿರುತ್ತದೆ, ಅದರ ಮೇಲೆ ಹಳದಿಯ ಒಂದು ಪದರ. ಆ ಹಳದಿ ಏನೆಂದು ನಿಮಗೆ ಗೊತ್ತು. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ವಿದ್ಯೆ ಲಾರಿ ಡ್ರೈವರುಗಳಿಂದ ನಮಗೆಲ್ಲ ಬಂದದ್ದು. ಕಾಡಿನ ನಡುವೆ ಕತ್ತಲಾದಾಗ ಅದು ನಿಮ್ಮನ್ನು ಮನೆ ಮುಟ್ಟಿಸುತ್ತದೆ, ಒಪ್ಪುತ್ತೇನೆ. ಆದರೆ ಸೋರುವ ತೂತು ಯಾವುದು, ನೀರು ಓಡುವ ತೂತು ಯಾವುದು ಎಂಬ ಭೇದ ಅರಿಶಿನಕ್ಕಿಲ್ಲ. ಮನೆ ಮುಟ್ಟಿದ ಮಾರನೆಯ ದಿನ ತೊಳೆಸದೆ, ಸೋರಿದಾಗಲೆಲ್ಲ ಮತ್ತೊಂದು ಚಮಚ ಹಾಕುತ್ತ ಹೋದರೆ ಕೋರ್ ಅಲ್ಲಿಗೇ ಮುಗಿಯಿತು. ಅಂಗಡಿಯಲ್ಲಿ ಸಿಗುವ ಸ್ಟಾಪ್-ಲೀಕ್ ಡಬ್ಬಗಳಿಗೂ ಇದೇ ಮಾತು.

ಟ್ಯೂಬುಗಳು ಗಟ್ಟಿ ಇದ್ದು ಬರೀ ಕಟ್ಟಿದ್ದರೆ ಎರಡೂ ಟ್ಯಾಂಕ್ ಬಿಚ್ಚಿ ಒಳಗೆ ತೆಳು ಪಟ್ಟಿ ಹಾಕಿ ಒಂದೊಂದೇ ಟ್ಯೂಬ್ ಬಿಡಿಸಬಹುದು. ಫಿನ್‌ಗಳನ್ನು ಉಗುರಿನಲ್ಲಿ ಮೀಟಿ ನೋಡಿ. ಅವು ಟ್ಯೂಬಿನಿಂದ ಬಿಟ್ಟು ಅಲುಗಾಡುತ್ತಿದ್ದರೆ, ಮುಟ್ಟಿದರೆ ಕಿಲುಬು ಹಿಡಿದು ಉದುರುತ್ತಿದ್ದರೆ ಬಿಡಿಸಿ ಪ್ರಯೋಜನವಿಲ್ಲ. ನೀರಿನ ಶಾಖ ಟ್ಯೂಬಿಗೆ ಬಂದೀತು, ಟ್ಯೂಬಿನಿಂದ ಗಾಳಿಗೆ ದಾಟುವ ಸೇತುವೆಯೇ ಮುರಿದಿದೆ. ಆಗ ಬದಲಿ ಬೇಕು.

ಬದಲಿ ಯಾವುದು ಎನ್ನುವ ಮೊದಲು ನಿಮ್ಮ ಗಾಡಿ ಮಾಡುವ ಕೆಲಸ ಎಂಥದ್ದು ಎಂದು ಯೋಚಿಸಿ. ಜೀಪು ಹುಟ್ಟಿದ್ದು ಯುದ್ಧಕ್ಕೆ, ನೀವು ಅದರಿಂದ ಮಾಡಿಸುವ ಕೆಲಸ ಅದಕ್ಕಿಂತ ಹಗುರವೇನಲ್ಲ. ಹಿಂದೆ ಮುಂದೆ ತುಂಬ ಜನ, ಕಲ್ಲು ಕಿತ್ತೆದ್ದ ಏರು, ಲೋ ಗೇರು, ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಮನುಷ್ಯ ನಡೆಯುವ ವೇಗದಲ್ಲಿ ಹತ್ತುತ್ತಿದೆ. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ನೀರಿನ ಮೂಲಕವೇ ಹೊರಹೋಗಬೇಕು. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಗಾಳಿ ತಾನೇ ಎದುರಿಂದ ನುಗ್ಗುತ್ತದೆ. ನಿಮಗೆ ಆ ಭಾಗ್ಯವಿಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ಸಾಲದ್ದಕ್ಕೆ ಎತ್ತರ. ಕೊಡಚಾದ್ರಿಯ ತುದಿ 1,343 ಮೀಟರ್. ಅಲ್ಲಿಯ ಗಾಳಿ ಸಮುದ್ರಮಟ್ಟದ್ದಕ್ಕಿಂತ ಸುಮಾರು ಎಂಟರಲ್ಲೊಂದು ಪಾಲು ತೆಳು. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯುವ ಶಾಖ ಅಷ್ಟು ಕಡಿಮೆ. ನೀರು ಕುದಿಯುವುದೂ ಅಲ್ಲಿ 100ಕ್ಕಲ್ಲ, 95ರ ಆಚೀಚೆ.

ಈಗ ನಾಲ್ಕು ರೋ ಪ್ರಶ್ನೆಗೆ ಬರೋಣ. ಟ್ಯೂಬುಗಳ ಸಾಲು ಹೆಚ್ಚಿದಷ್ಟೂ ತಂಪು ಹೆಚ್ಚು ಎಂಬ ಲೆಕ್ಕ ಅರ್ಧ ಸತ್ಯ. ಮುಂದಿನ ಸಾಲನ್ನು ದಾಟುವಾಗಲೇ ಗಾಳಿ ಬಿಸಿಯಾಗುತ್ತದೆ. ಎರಡನೆಯದಕ್ಕೆ ಬೆಚ್ಚಗಿನ ಗಾಳಿ, ಮೂರನೆಯದಕ್ಕೆ ಇನ್ನೂ ಬಿಸಿ, ನಾಲ್ಕನೆಯದರ ಪಾಲಿಗೆ ಬರುವುದು ಎಂಜಲು ಗಾಳಿ. ಅದೂ ಅಲ್ಲದೆ ಕೋರ್ ದಪ್ಪವಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚು. ವೇಗದ ಗಾಡಿಯಲ್ಲಿ ಎದುರುಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಏರಿನಲ್ಲಿ ನಾಲ್ಕು ಎಲೆಯ ಹಳೇ ಫ್ಯಾನ್, ಅದೂ ಶ್ರೌಡ್ ಇಲ್ಲದ್ದು, ದಪ್ಪ ಕೋರ್ ಮೂಲಕ ಗಾಳಿ ಎಳೆಯಲಾರದೆ ಬದಿಯಿಂದ ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಎಳೆದು ಸುತ್ತಿಸುತ್ತದೆ. ಮೂರು ಸಾಲಿನದು ತೆಗೆದು ನಾಲ್ಕು ಸಾಲಿನದು ಹಾಕಿಸಿಕೊಂಡವರು “ರಸ್ತೇಲಿ ಸೂಪರ್, ಗುಡ್ಡದಲ್ಲಿ ಮೊದಲಿನ ಹಾಗೇ” ಎಂದು ವಾಪಸ್ ಬರುವುದು ಇದೇ ಕಾರಣಕ್ಕೆ. ನಾಲ್ಕನೇ ಸಾಲಿಗೆ ಕೊಡುವ ದುಡ್ಡಲ್ಲಿ ತಗಡಿನ ಶ್ರೌಡ್ ಮಾಡಿಸಿ, ಆರು ಎಲೆಯ ಫ್ಯಾನ್ ಹಾಕಿಸಿ. ಗುಡ್ಡದಲ್ಲಿ ಕೆಲಸಕ್ಕೆ ಬರುವುದು ಅದು.

ಶ್ರೌಡ್ ಎಂದರೆ ಫ್ಯಾನಿನ ಸುತ್ತ ಒಂದು ಬಳೆ ಇದ್ದರಾಯಿತು ಎಂದುಕೊಳ್ಳಬೇಡಿ. ಅದು ಕೋರ್‌ನ ನಾಲ್ಕೂ ಅಂಚನ್ನು ಮುಚ್ಚಿರಬೇಕು, ಆಗ ಮಾತ್ರ ಮೂಲೆಯ ಟ್ಯೂಬುಗಳಿಗೂ ಗಾಳಿ ಸಿಗುತ್ತದೆ. ಫ್ಯಾನ್ ಎಲೆಯ ಅಗಲ ಸುಮಾರು ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಲಿ. ಎಲೆಯ ತುದಿಗೂ ಬಳೆಗೂ ನಡುವಿನ ಸಂದು ಕಡಿಮೆಯಿದ್ದಷ್ಟೂ ಒಳ್ಳೆಯದು, ಆದರೆ ಜೀಪಿನ ಎಂಜಿನ್ ಮೌಂಟಿಂಗ್ ಮೇಲೆ ಎಷ್ಟು ಕುಣಿಯುತ್ತದೆ ಎಂದು ನಿಮಗೇ ಗೊತ್ತು. ಎಲೆಗೂ ಕೋರ್‌ಗೂ ಒಂದಿಂಚಾದರೂ ಅಂತರ ಬಿಡಿ. ಮಳೆಗಾಲದಲ್ಲಿ ಹಳ್ಳ ದಾಟುವವರು ಇನ್ನೊಂದು ನೆನಪಿಡಿ: ನೀರು ಫ್ಯಾನಿನ ಮಟ್ಟಕ್ಕೆ ಬಂದರೆ ಎಲೆ ದೋಣಿಯ ಪಂಖದಂತೆ ನೀರನ್ನು ಕಡೆಯುತ್ತ ಮುಂದಕ್ಕೆ ಬಾಗುತ್ತದೆ, ಬಾಗಿ ಕೋರ್ ಕೊರೆಯುತ್ತದೆ. ಪ್ಲಾಸ್ಟಿಕ್ ಫ್ಯಾನ್ ಆದರೆ ಇನ್ನೂ ಬೇಗ. ಅಂಥ ಹಳ್ಳ ಎದುರಾದರೆ ಬೆಲ್ಟ್ ಕಳಚಿ ದಾಟಿ, ಆಚೆ ದಡದಲ್ಲಿ ಮತ್ತೆ ಹಾಕಿಕೊಳ್ಳಿ.

ಕೆಲವರು ಎಲೆಕ್ಟ್ರಿಕ್ ಫ್ಯಾನ್ ಹಾಕಿಸುತ್ತೀರಿ. ಹಳೆಯ ಆಲ್ಟರ್ನೇಟರ್ ಹೆಡ್‌ಲೈಟನ್ನೇ ಕಷ್ಟಪಟ್ಟು ಉರಿಸುವಾಗ ಅದರ ಮೇಲೆ ಇನ್ನೊಂದು ಹೊರೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಾಲಿಗಿಂತ ಹೆಚ್ಚಾಗಿ ನೀವು ನೋಡಬೇಕಾದದ್ದು ಕೋರ್‌ನ ಮುಖದ ಅಗಲ, ಎತ್ತರ. ಗಾಳಿ ಎದುರಾಗುವ ಮುಖ ದೊಡ್ಡದಾದಷ್ಟೂ ಪ್ರತಿ ಟ್ಯೂಬಿಗೂ ತಾಜಾ ಗಾಳಿ. ಜೀಪಿನ ಮೂತಿ ಕಿರಿದು, ಆದ್ದರಿಂದ ಗ್ರಿಲ್ ಹಿಂದೆ ಕೂರುವಷ್ಟೂ ದೊಡ್ಡ ಮುಖದ್ದನ್ನು ಕೂರಿಸಿ, ಆಮೇಲೆ ಸಾಲಿನ ಮಾತಾಡಿ. ಅಂದ ಹಾಗೆ, ಇರುವ ಆ ಕಿರಿದು ಮೂತಿಯನ್ನೂ ನೀವು ಸುಮ್ಮನೆ ಬಿಡುವುದಿಲ್ಲ. ಫಾಗ್ ಲ್ಯಾಂಪು, ಸಂಘದ ಬೋರ್ಡು, ಹುಳ ತಡೆಯುವ ಜಾಲರಿ, ಆಯುಧಪೂಜೆಯಲ್ಲಿ ಹಾಕಿ ದೀಪಾವಳಿ ಕಳೆದರೂ ಬಿಚ್ಚದ ಒಣ ಚೆಂಡು ಹೂವಿನ ಹಾರ, ಎಲ್ಲ ಅಲ್ಲೇ. ದೇವರು ಬೇಡವೆನ್ನುವುದಿಲ್ಲ, ಹಾರವನ್ನು ಬಾನೆಟ್ ಮೇಲಕ್ಕೆ ಕಟ್ಟಿ.

ಇನ್ನು ಫಿನ್. ಅಂಗಡಿಯವರು ಒತ್ತೊತ್ತಾದ ಫಿನ್ ತೋರಿಸಿ “ನೋಡಿ, ಎಷ್ಟು ಕ್ಲೋಸ್ ಇದೆ” ಎನ್ನುತ್ತಾರೆ. ಕಾರಿಗೆ ಅದು ಸರಿ. ನಮ್ಮ ಕೆಂಪು ಮಣ್ಣಿಗೆ ಸರಿಯಲ್ಲ. ಇಂಚಿಗೆ 15, 16 ಫಿನ್ ಇರುವ ಕೋರ್‌ನಲ್ಲಿ ಕೆಸರು ಒಮ್ಮೆ ಹೊಕ್ಕು ಎಂಜಿನ್ ಬಿಸಿಗೆ ಒಣಗಿತೆಂದರೆ ಇಟ್ಟಿಗೆಯಾಗುತ್ತದೆ. ಅದರ ಮೇಲೆ ಹುಲ್ಲಿನ ಬೀಜ ಬೇರೆ. ಇಂಚಿಗೆ 10ರಿಂದ 12ರಷ್ಟಿದ್ದರೆ ಸಾಕು, ಪೈಪಿನ ನೀರಲ್ಲೇ ತೊಳೆದು ಹೋಗುತ್ತದೆ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ತರಲು ಬಿಡಬೇಡಿ, ಅದು ಫಿನ್‌ಗಳನ್ನು ಮಲಗಿಸಿಬಿಡುತ್ತದೆ. ಮಲಗಿದ ಫಿನ್ ಎಂದರೆ ಮುಚ್ಚಿದ ಬಾಗಿಲು.

ತಾಮ್ರವೋ ಅಲ್ಯೂಮಿನಿಯಮ್ಮೋ? ಶಾಖ ಹರಿಸುವುದರಲ್ಲಿ ಶುದ್ಧ ತಾಮ್ರ ಅಲ್ಯೂಮಿನಿಯಂಗಿಂತ ಬಹಳ ಮುಂದೆ. ಅಲ್ಲಿಗೇ ನಿಲ್ಲಿಸಿದರೆ ನನ್ನ ಅಂಗಡಿಗೆ ಲಾಭ. ಆದರೆ ನಮ್ಮ ಹಳೇ ಮಾದರಿಯಲ್ಲಿ ಫಿನ್ ಮಾತ್ರ ತಾಮ್ರ, ಟ್ಯೂಬ್ ಹಿತ್ತಾಳೆ, ಎರಡನ್ನೂ ಹಿಡಿದಿರುವುದು ತವರ ಸೀಸದ ಬೆಸುಗೆ. ಹಿತ್ತಾಳೆಯೂ ಬೆಸುಗೆಯೂ ಶಾಖ ಹರಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಹಿಂದೆ. ಅಲ್ಯೂಮಿನಿಯಂ ಟ್ಯೂಬು ಒತ್ತಡ ತಾಳಿಕೊಂಡು ಅಗಲವಾಗಿರಬಲ್ಲದು. ಒಂದಿಂಚು ಅಗಲದ ಎರಡೇ ಸಾಲು, ಅರ್ಧ ಇಂಚಿನ ನಾಲ್ಕು ಸಾಲು ಹಿತ್ತಾಳೆ ಟ್ಯೂಬಿನ ಕೆಲಸ ಮಾಡುತ್ತದೆ. ತೂಕವೂ ಬಹಳ ಕಡಿಮೆ. ಹಾಗಾಗಿ “ತಾಮ್ರವೇ ತಂಪು” ಎಂದು ನಾನು ಆಣೆ ಹಾಕಲಾರೆ. ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ರೇಡಿಯೇಟರ್, ಚೆನ್ನಾಗಿ ಮಾಡಿದ ತಾಮ್ರದ್ದಕ್ಕೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ.

ಆದರೂ ನಿಮ್ಮ ಹಳೆಯ ಡೀಸೆಲ್ ಜೀಪಿಗೆ ನಾನು ತಾಮ್ರ ಹಿತ್ತಾಳೆಯದನ್ನೇ ಹೇಳುತ್ತೇನೆ. ಕಾರಣ ತಂಪಲ್ಲ, ರಿಪೇರಿ. ಕಲ್ಲು ಬಡಿದೋ, ಚಾಸಿ ತಿರುಚಿಯೋ ಟ್ಯೂಬೊಂದು ಬಿಟ್ಟುಕೊಂಡರೆ ಹೊಸನಗರದಲ್ಲೋ ಕಳಸದಲ್ಲೋ ಬೆಸುಗೆ ಹಾಕುವವರು ಒಬ್ಬರಾದರೂ ಸಿಗುತ್ತಾರೆ, ಮಧ್ಯಾಹ್ನದೊಳಗೆ ಗಾಡಿ ಮತ್ತೆ ಏರು ಹತ್ತುತ್ತದೆ. ಅಲ್ಯೂಮಿನಿಯಂಗೆ ಟಿಗ್ ವೆಲ್ಡಿಂಗ್ ಬೇಕು, ಅದರಲ್ಲೂ ಕಾಗದದಷ್ಟು ತೆಳುವಾದ ಟ್ಯೂಬಿನ ಮೇಲೆ ಕೈ ಆಡಿಸಬಲ್ಲವರು ಬೇಕು. ಆ ಕೈಗಳಿರುವುದು ದೊಡ್ಡ ಊರುಗಳಲ್ಲಿ. ಸೀಸನ್ನಿನ ಶನಿವಾರ ಭಾನುವಾರ ಗಾಡಿ ನಿಂತರೆ ಆಗುವ ನಷ್ಟ ಎಷ್ಟೆಂದು ನನಗಿಂತ ನಿಮಗೆ ಗೊತ್ತು.

ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಬೇರೆಯೇ ಜಾತಿ. ಗಾಜಿನ ನಾರು ಬೆರೆಸಿದ ನೈಲಾನ್ ಟ್ಯಾಂಕನ್ನು ಅಲ್ಯೂಮಿನಿಯಂ ಹಲ್ಲುಗಳಿಂದ ಮಡಚಿ ಹಿಡಿದಿರುತ್ತಾರೆ, ನಡುವೆ ರಬ್ಬರ್ ಸೀಲು. ವರ್ಷಗಟ್ಟಲೆ ಬಿಸಿ ತಿಂದ ಮೇಲೆ ಬಿಸಿನೀರು ಒಳಬರುವ ಬಾಯಿಯ ಬುಡದಲ್ಲಿ, ಇಲ್ಲವೇ ಹಲ್ಲು ಕಚ್ಚಿದ ಅಂಚಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಎಪಾಕ್ಸಿ ಮೆತ್ತಿದರೆ ಒಂದೆರಡು ಟ್ರಿಪ್ ನಿಲ್ಲಬಹುದು, ಒತ್ತಡಕ್ಕೆ ಮತ್ತೆ ಬಿಡುತ್ತದೆ. ಟ್ಯಾಂಕ್ ಬದಲಿಸಬೇಕು, ಸಿಗದಿದ್ದರೆ ಇಡೀ ರೇಡಿಯೇಟರ್. ಜಿಪ್ಸಿ, ಬೊಲೆರೊ, ಥಾರ್ ಓಡಿಸುವವರಲ್ಲಿ ಕಂಪನಿಯಿಂದಲೇ ಇಂಥದ್ದು ಬಂದಿದ್ದರೆ, ಅದೇ ಬಗೆಯ ಹೊಸದನ್ನೇ ಹಾಕಿ. ಆ ಎಂಜಿನ್‌ಗೆ ಎಷ್ಟು ನೀರು, ಎಷ್ಟು ಒತ್ತಡ ಎಂದು ಲೆಕ್ಕ ಹಾಕಿ ಕೊಟ್ಟದ್ದನ್ನು ಬಿಟ್ಟು ಯಾರೋ ಹೇಳಿದರೆಂದು ತಾಮ್ರದ್ದು ತುರುಕಿಸಲು ನನ್ನಲ್ಲಿಗೆ ಬಂದರೆ ನಾನು ಮಾಡಿಕೊಡುವುದಿಲ್ಲ.

ಪೂರ್ತಿ ಅಲ್ಯೂಮಿನಿಯಮ್ಮನ್ನೇ ಹಾಕಿಸಲು ಹೊರಟವರು ಎರಡು ವಿಷಯ ನೋಡಿಕೊಳ್ಳಿ. ಪಾಲಿಶ್ ಹೊಳಪಿಗೆ ಬೆಲೆ ಕೊಡಬೇಡಿ, ಟ್ಯಾಂಕ್ ಸೇರುವಲ್ಲಿ ವೆಲ್ಡಿಂಗ್ ಒಂದೇ ಸಮ ಇದೆಯೇ ನೋಡಿ. ಮತ್ತೆ ಅರ್ತಿಂಗ್. ಹಳೇ ಜೀಪುಗಳಲ್ಲಿ ಮ್ಯೂಸಿಕ್ ಸಿಸ್ಟಂ, ಹಾರನ್, ಲೈಟು ಎಂದು ಕಂಡಕಂಡಲ್ಲಿ ಅರ್ತ್ ಕೊಟ್ಟಿರುತ್ತೀರಿ. ಆ ಕರೆಂಟು ಕೂಲೆಂಟ್ ಮೂಲಕ ದಾರಿ ಹುಡುಕಿಕೊಂಡರೆ ಅಲ್ಯೂಮಿನಿಯಂ ಒಳಗಿಂದ ತೂತು ಬೀಳುತ್ತದೆ. ಮೀಟರಿನ ಕಪ್ಪು ವೈರು ಬ್ಯಾಟರಿಯ ಮೈನಸ್ಸಿಗೆ, ಕೆಂಪು ವೈರು ಲೋಹಕ್ಕೆ ತಾಗದಂತೆ ಕೂಲೆಂಟ್ ಒಳಗೆ ಹಿಡಿಯಿರಿ. ಲೈಟು, ಹಾರನ್ ಹಾಕಿದಾಗಲೂ 0.1 ವೋಲ್ಟ್ ದಾಟಬಾರದು. ದಾಟಿದರೆ ಮೊದಲು ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ಕೊಳ್ಳುವಾಗ ಆರ್‌ಸಿ ಪುಸ್ತಕದಲ್ಲಿರುವ ಹೆಸರು ಹೇಳಿ ರೇಡಿಯೇಟರ್ ಕೇಳಬೇಡಿ. ನಮ್ಮ ಕಡೆಯ ಎಷ್ಟೋ ಜೀಪುಗಳ ಬಾನೆಟ್ ಕೆಳಗೆ ಇರುವ ಎಂಜಿನ್ ಹುಟ್ಟಿನದಲ್ಲ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಇದ್ದಲ್ಲಿ ಪ್ಯೂಜೋ ಡೀಸೆಲ್ ಬಂದಿದೆ, ಅದು ಹೋಗಿ ಡಿಐ ಬಂದಿದೆ, ರೇಡಿಯೇಟರ್ ಮಾತ್ರ ಪೆಟ್ರೋಲ್ ಕಾಲದ್ದು! 2,112 ಸಿಸಿಯ ಆ ಪ್ಯೂಜೋ ಎಕ್ಸ್‌ಡಿಪಿ ಎಂಜಿನ್‌ನಲ್ಲಿ ಡೀಸೆಲ್ ಮೊದಲು ಹೆಡ್‌ನಲ್ಲಿರುವ ಚಿಕ್ಕ ಕೋಣೆಯೊಂದರಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುವುದು. ಆ ಕೋಣೆಯ ಗೋಡೆಯಿಂದಲೂ ಶಾಖ ನೀರಿಗೆ ಸೇರುತ್ತದೆ. ನೇರವಾಗಿ ಸಿಲಿಂಡರಿಗೇ ಡೀಸೆಲ್ ಬಿಡುವ ಡಿಐ ಎಂಜಿನ್ನು, ಅಷ್ಟೇ ಕೆಲಸಕ್ಕೆ ನೀರಿಗೆ ಕೊಡುವ ಬಿಸಿ ಕಡಿಮೆ. ಹಾಗಾಗಿ ಎಂಎಂ 540 ಜೀಪಿನಲ್ಲಿ ಪ್ಯೂಜೋ ಉಳಿಸಿಕೊಂಡವರು ರೇಡಿಯೇಟರಿನಲ್ಲಿ ಜಿಪುಣತನ ಮಾಡಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ತರುವವರು ಅಳತೆ ಬರೆದುಕೊಂಡು ಹೋಗಿ. ಕೋರ್‌ನ ಎತ್ತರ, ಅಗಲ, ದಪ್ಪ. ಮೇಲಿನ ಬಾಯಿ ಎಡಕ್ಕೋ ಬಲಕ್ಕೋ, ಕೆಳಗಿನದು ಯಾವ ಕಡೆ. ಎರಡರ ಹೊರ ವ್ಯಾಸ. ಬೋಲ್ಟಿನ ತೂತುಗಳ ನಡುವಿನ ದೂರ. ಫ್ಯಾನಿಗೂ ಕೋರ್‌ಗೂ ಈಗಿರುವ ಅಂತರ. ಕ್ಯಾಪ್ ಕೂರುವ ಕುತ್ತಿಗೆ. ಫೋಟೋ ತೋರಿಸಿ ಕೇಳಿದರೆ “ಇದೇ ಸರ್” ಎಂದು ಹತ್ತಿರದ್ದೊಂದನ್ನು ಕೈಗಿಡುತ್ತಾರೆ, ಊರಿಗೆ ಬಂದ ಮೇಲೆ ಹೋಸ್ ಕೂರುವುದಿಲ್ಲ. ಕೌಂಟರ್ ಮೇಲೆ ಎರಡನ್ನು ಪಕ್ಕಪಕ್ಕ ಇಟ್ಟು ಒಂದು ಗೇಣಿನಲ್ಲಿ ಎಷ್ಟು ಟ್ಯೂಬ್ ಇವೆ ಎಣಿಸಿ. ಅಗ್ಗದ್ದರಲ್ಲಿ ಸಾಲು ಮೂರೇ ಇದ್ದರೂ ಟ್ಯೂಬುಗಳು ದೂರದೂರ, ಫಿನ್ ತಗಡು ತೆಳು. ಮೂರು ರೋ ಎಂಬ ಮಾತು ಎರಡಕ್ಕೂ ಒಂದೇ, ತಂಪು ಒಂದೇ ಅಲ್ಲ.

ಇಷ್ಟು ಓಡಾಟವೇ ಬೇಡ ಎನ್ನುವವರಿಗೆ ನನ್ನ ಮೊದಲ ಸಲಹೆ ಬೇರೆ: ರೀ-ಕೋರ್. ನಿಮ್ಮ ಹಳೇ ರೇಡಿಯೇಟರಿನ ಹಿತ್ತಾಳೆ ಟ್ಯಾಂಕುಗಳು ದಪ್ಪ ತಗಡಿನವು, ಈಗ ಬರುವ ಹೊಸದರಲ್ಲಿ ಆ ದಪ್ಪ ಕಾಣುವುದು ಅಪರೂಪ. ಅವುಗಳ ನಡುವೆ ಹೊಸ ಕೋರ್ ಕೂರಿಸಿ ಬೆಸುಗೆ ಹಾಕಿದರೆ ಬ್ರಾಕೆಟ್ಟು, ಹೋಸ್ ಬಾಯಿ, ಕ್ಯಾಪ್ ಕುತ್ತಿಗೆ ಎಲ್ಲವೂ ಮೊದಲಿದ್ದಲ್ಲೇ ಇರುತ್ತವೆ. ಬೆಸುಗೆ ಆದ ಮೇಲೆ ಬಾಯಿಗಳನ್ನು ಮುಚ್ಚಿ ಗಾಳಿ ತುಂಬಿಸಿ ತೊಟ್ಟಿಯ ನೀರಲ್ಲಿ ಮುಳುಗಿಸಿ ತೋರಿಸಿ ಎಂದು ಕೇಳಿ. ಗುಳ್ಳೆ ಬರುತ್ತದೋ ಇಲ್ಲವೋ ನಿಮ್ಮ ಕಣ್ಣಲ್ಲೇ ನೋಡಿ. ತೋರಿಸಲು ಒಪ್ಪದವರ ಅಂಗಡಿಯಲ್ಲಿ ಕೆಲಸ ಕೊಡಬೇಡಿ, ಅದು ನನ್ನದಾದರೂ ಸರಿ.

ಕ್ಯಾಪ್ ಬಗ್ಗೆ ಒಂದಿಷ್ಟು. ಅದು ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಟ್ಟು ನೀರು ಕುದಿಯುವ ಬಿಂದುವನ್ನು ಮೇಲೇರಿಸುವ ವಾಲ್ವು. ಕೊಡಚಾದ್ರಿಯ ಎತ್ತರದಲ್ಲಿ ಕ್ಯಾಪ್ ಸೋತಿದ್ದರೆ ನೀರು 95ರಲ್ಲೇ ಕುದಿಯುತ್ತದೆ, 0.5 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ 108ರವರೆಗೂ ತಾಳುತ್ತದೆ. ಎಷ್ಟೋ ಸಲ ಹೊಸ ರೇಡಿಯೇಟರ್ ಮಾಡಬೇಕಿದ್ದ ಕೆಲಸವನ್ನು ಹೊಸ ಕ್ಯಾಪ್ ಮಾಡಿದೆ. ಹಾಗೆಂದು ಈಗಿನ ಕಾರಿನ 0.9, 1.1 ಎಂದು ಬರೆದ ಕ್ಯಾಪ್ ತಂದು ಹಳೇ ಬೆಸುಗೆಯ ರೇಡಿಯೇಟರಿಗೆ ಒತ್ತಬೇಡಿ. ಕುದಿಯುವುದು ನಿಂತೀತು, ಟ್ಯಾಂಕಿನ ಅಂಚು ಬಾಯಿ ಬಿಟ್ಟೀತು. ಬಿಸಿಯಿದ್ದಾಗ ಕ್ಯಾಪ್ ತೆಗೆಯಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ನೀವು ಹೇಳಿ.

ನೀರು. ಮಲೆನಾಡಿನ ಹಳ್ಳದ ನೀರು ಮೆದು, ಬಯಲುಸೀಮೆಯ ಬೋರ್‌ವೆಲ್ ನೀರಿನಷ್ಟು ಸುಣ್ಣ ಕಟ್ಟುವುದಿಲ್ಲ ಎಂಬ ಧೈರ್ಯ ನಿಮಗಿದೆ. ಸುಣ್ಣ ಕಟ್ಟದಿದ್ದರೂ ತುಕ್ಕು ಹಿಡಿಯುತ್ತದಲ್ಲ? ಬ್ಲಾಕ್ ಕಬ್ಬಿಣ, ರೇಡಿಯೇಟರ್ ಹಿತ್ತಾಳೆ, ನಡುವೆ ಬರೀ ನೀರು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದು, ಕೂಲೆಂಟ್ ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ಸುಳ್ಳು: ಶಾಖ ಹೊರುವುದರಲ್ಲಿ ನೀರೇ ಮುಂದು. ಕೂಲೆಂಟ್ ಇರುವುದು ತುಕ್ಕು ತಡೆಯಲು, ಕುದಿಯುವ ಬಿಂದು ಸ್ವಲ್ಪ ಏರಿಸಲು, ಚಳಿ ಸೀಮೆಯಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಾದ್ದರಿಂದ ಡಬ್ಬದ ಮೇಲೆ ಹಾಗೆಂದು ಬರೆಯದ ಹೊರತು ಅರ್ಧಕ್ಕರ್ಧ ಬೆರೆಸುವ ಅಗತ್ಯ ಕಾಣೆ. ಹಸಿರು, ಕೆಂಪು ಎಂದು ಬೇರೆಬೇರೆ ಬಗೆಯವನ್ನು ಕಲಸಬೇಡಿ.

ಕೂರಿಸುವಾಗ ರಬ್ಬರ್ ಬುಷ್ ಬಿಟ್ಟು ಬೋಲ್ಟನ್ನು ನೇರ ಬಿಗಿಯುವವರಿದ್ದಾರೆ. ಕಲ್ಲಿನ ದಾರಿಯಲ್ಲಿ ಚಾಸಿ ತಿರುಚುತ್ತದೆ, ರಬ್ಬರ್ ಇಲ್ಲದಿದ್ದರೆ ಆ ತಿರುಚು ಪೂರಾ ಟ್ಯೂಬ್ ತಟ್ಟೆಯ ಬೆಸುಗೆಯ ಮೇಲೆ ಬೀಳುತ್ತದೆ. ಮೇಲಿನ ಸ್ಟೇ ರಾಡ್ ಕಳೆದುಹೋಗಿದ್ದರೆ ಮಾಡಿಸಿ ಹಾಕಿ. ಹಳೇ ಹೋಸು, ಹಳೇ ಕ್ಲಿಪ್ಪನ್ನು ಹೊಸ ರೇಡಿಯೇಟರಿಗೆ ಹಾಕಿ ಉಳಿಸುವ ದುಡ್ಡು ಚಹಾ ಖರ್ಚಿಗೂ ಆಗುವುದಿಲ್ಲ. ರೇಡಿಯೇಟರ್ ಬದಲಿಸುವ ಮೊದಲು ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ಎಂಜಿನ್ ಒಳಗಿನ ಕೆಸರನ್ನೂ ತೊಳೆದು ಹೊರಹಾಕಿ. ಇಲ್ಲದಿದ್ದರೆ ಆ ಕೆಸರೆಲ್ಲ ಬಂದು ಕೂರುವುದು ಹೊಸ ಕೋರ್‌ನಲ್ಲೇ.

ನೀರು ತುಂಬಿಸುವಾಗ ಮೂತಿ ಮೇಲಾಗಿ ಗಾಡಿ ನಿಲ್ಲಿಸಿ, ಹೀಟರ್ ಇದ್ದರೆ ಅದರ ಟ್ಯಾಪ್ ತೆರೆದಿಡಿ. ಕ್ಯಾಪ್ ಹಾಕದೆ ಐಡ್ಲಿಂಗ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ಒಮ್ಮೆ ತಟ್ಟನೆ ಇಳಿಯುತ್ತದೆ, ಆಗ ಮತ್ತೆ ತುಂಬಿಸಿ ಕ್ಯಾಪ್ ಹಾಕಿ. ಮೊದಲ ಏರಿಗೆ ಜನ ಹತ್ತಿಸಬೇಡಿ. ಖಾಲಿ ಗಾಡಿಯಲ್ಲಿ ಒಮ್ಮೆ ಹೋಗಿ ಬನ್ನಿ. ಗೇಜಿನ ಮುಳ್ಳನ್ನಷ್ಟೇ ನಂಬಬೇಡಿ, ನೀರು ಪೂರಾ ಖಾಲಿಯಾದರೆ ಸೆನ್ಸರ್ ಒಣಗಿ ಮುಳ್ಳು ಕೆಳಗಿಳಿದು ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ವಾಪಸ್ ಬಂದು ಗಾಡಿ ತಣ್ಣಗಾದ ಮೇಲೆ ಕ್ಲಿಪ್ಪುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ನೀರಿನ ಮಟ್ಟ ನೋಡಿ. ಅರ್ಧ ಲೀಟರಿಗಿಂತ ಹೆಚ್ಚು ಹಿಡಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹೆಡ್ ಕಡೆ ಹೋಗುತ್ತಿದೆ. ಬೆಂಚಿನ ಬಳಿ ತನ್ನಿ. ತರುವಾಗ ಬರೀ ರೇಡಿಯೇಟರ್ ಅಲ್ಲ, ಕ್ಯಾಪು, ಎರಡೂ ಹೋಸು, ಥರ್ಮೋಸ್ಟಾಟು, ಶ್ರೌಡು ಎಲ್ಲವನ್ನೂ ತನ್ನಿ.

ಇತಿ ನಿಮ್ಮ,
ರೇಡಿಯೇಟರ್ ಬೆಂಚಿನವ